ಇಲಿಯ ಸಾಕ್ಷ್ಯ

ನನ್ನ ಎಡಪಕ್ಕೆಯಲ್ಲಿ, ಬೆನ್ನಿನಿಂದ ಎದೆಯವರೆಗೆ, ಗೇಣಗಲದ ಒಂದು ಪಟ್ಟಿಯಿದೆ. ಮೂರು ವರ್ಷದ ಹಿಂದೆ ಅಲ್ಲಿ ಸರ್ಪಸುತ್ತು ಎದ್ದಿತ್ತು. ಗುಳ್ಳೆಗಳು ಮೂರು ವಾರದಲ್ಲಿ ಒಣಗಿ ಉದುರಿದವು. ನೋವು ಮಾತ್ರ ಬಾಡಿಗೆ ಕೊಡದ ಬಿಡಾರದವನ ಹಾಗೆ ಅಲ್ಲಿಯೇ ನೆಲೆ ನಿಂತಿತು. ಅದರ ರೀತಿಯೇ ವಿಚಿತ್ರ. ಸ್ನಾನದ ಮನೆಯಲ್ಲಿ ಬಿಸಿನೀರು ಹೊಯ್ದುಕೊಂಡರೆ ಆ ಜಾಗ ಸುಮ್ಮನಿರುತ್ತದೆ. ಸ್ನಾನ ಮುಗಿಸಿ ಅಂಗಿ ತೊಟ್ಟರೆ, ಬಟ್ಟೆ ಸವರಿದಷ್ಟಕ್ಕೇ ಮುಳ್ಳುತಂತಿ ಎಳೆದಂತಾಗುತ್ತದೆ. ಮೊಮ್ಮಗಳನ್ನು ಎಡಗೈಯಲ್ಲಿ ಎತ್ತಿಕೊಂಡು ಮೂರು ವರ್ಷವಾಯಿತು. ಈ ವಿವರವನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದಕ್ಕೆ ಕೆಲಸವಿದೆ.

ನಾನು ವೈದ್ಯನಲ್ಲ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ಮೇಷ್ಟರು. ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಔಷಧದ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಚೀಟಿ ನೋಡಿದ, ನನ್ನ ಮುಖ ನೋಡಿದ, ದನಿ ತಗ್ಗಿಸಿ, “ಸಾರ್, ಇದು ತಲೆ ಸರಿಯಿಲ್ಲದವರಿಗೆ ಕೊಡೋ ಮಾತ್ರೆ. ನಿಮಗೇನಾ?” ಎಂದು ಕೇಳಿದ. ದನಿ ತಗ್ಗಿಸಿದ್ದು ಸಾಲದಾಗಿತ್ತು. ನನ್ನ ಹಿಂದೆ ನಿಂತಿದ್ದ ಇಬ್ಬರು ಒಂದು ಹೆಜ್ಜೆ ಸರಿದು ನಿಂತರು. ಮಾತ್ರೆಯ ಹೆಸರು ಅಮಿಟ್ರಿಪ್ಟಿಲಿನ್. ಅದು ಖಿನ್ನತೆಗೆ ಕೊಡುವ ಔಷಧವೆಂಬುದು ನಿಜ. ಅದನ್ನು ನನಗೇಕೆ ಕೊಟ್ಟರೆಂದು ಡಾಕ್ಟರು ಹೇಳಿರಲಿಲ್ಲ. ಹೊರಗೆ ಇನ್ನೂ ನಲವತ್ತು ಮಂದಿ ಕಾದಿದ್ದರು.

ಆ ಸಂಜೆ ನನ್ನ ಹಳೆಯ ಮಿತ್ರರೊಬ್ಬರು ಬಂದರು. ವಕೀಲಿ ಮಾಡಿ ಬಿಟ್ಟವರು, ಆದರೆ ವಾದ ಬಿಟ್ಟವರಲ್ಲ. ಮಾತ್ರೆಯ ಸುದ್ದಿ ಕೇಳಿ ಅವರಿಗೆ ಖಟ್ಲೆ ಗೆದ್ದಷ್ಟು ಸಂತೋಷವಾಯಿತು. “ನಾನು ಮೊದಲೇ ಹೇಳಿರಲಿಲ್ಲವೇ ಮೇಷ್ಟ್ರೇ? ಗುಳ್ಳೆ ಹೋದ ಮೇಲೆ ನೋವೆಲ್ಲಿಂದ ಬಂತು? ಎಲ್ಲಾ ಮನಸ್ಸಿನದು. ನಿಮ್ಮ ಡಾಕ್ಟರೂ ಅದನ್ನೇ ಒಪ್ಪಿ ಮನಸ್ಸಿನ ಮಾತ್ರೆ ಕೊಟ್ಟಿದ್ದಾರೆ” ಎಂದರು.

ಹದಿನೈದು ದಿನ ಕಳೆದ ಮೇಲೆ ನನ್ನ ತಂಗಿಯ ಮಗ ಬಂದ. ಅವನ ಕೈಯಲ್ಲಿ ಎಲ್ಲಿಯದೋ ಒಂದು ಅಚ್ಚಾದ ಹಾಳೆ. “ಮಾವಾ, ಮಾತ್ರೆ ನುಂಗಿ ಹಗಲೆಲ್ಲ ತೂಕಡಿಸೋದು ಯಾಕೆ? ಇದನ್ನೇ ಮುಲಾಮು ಮಾಡಿ ಹಚ್ಚಿದರೆ ನೋವು ಅಲ್ಲಲ್ಲೇ ಮಾಯವಂತೆ. ಇಲಿಗಳ ಮೇಲೆ ಸಿದ್ಧವಾಗಿದೆ” ಎಂದ. ಹಾಳೆಯಲ್ಲಿ “ನೋವು ಮಾಯ” ಎಂಬುದು ದಪ್ಪಕ್ಷರದಲ್ಲಿತ್ತು. “ಇಲಿಗಳಲ್ಲಿ” ಎಂಬುದು ಕನ್ನಡಕ ಹಾಕಿದವರಿಗೆ ಮಾತ್ರ ಕಾಣುವಂತಿತ್ತು. ನನಗೆ ಧರ್ಮರಾಯನ ನೆನಪಾಯಿತು. ಸತ್ತದ್ದು ಅಶ್ವತ್ಥಾಮನೆಂಬ ಆನೆ. ಹೆಸರನ್ನು ಗಟ್ಟಿಯಾಗಿ ಹೇಳಿ, “ಆನೆ” ಎಂಬ ಮಾತನ್ನು ಮೆಲ್ಲಗೆ ಹೇಳಿದ್ದಕ್ಕೆ ಅವನ ರಥದ ಗಾಲಿ ನೆಲಕ್ಕಿಳಿಯಿತಂತೆ. ಇಂದು ಆನೆಯ ಜಾಗದಲ್ಲಿ ಇಲಿ ಬಂದಿದೆ. ರಥಗಳ ಗಾಲಿ ಮಾತ್ರ ಯಾರದೂ ಇಳಿದಂತೆ ಕಾಣುವುದಿಲ್ಲ.

ಒಬ್ಬರು ಇದು ಬರೀ ಮನಸ್ಸಿನದೆಂದರು, ಇನ್ನೊಬ್ಬ ಇದು ಬರೀ ಚರ್ಮದ ಮೇಲೆ ಹಚ್ಚಿದರೆ ಹೋಗುವಂಥದೆಂದ. ಇಬ್ಬರೂ ನನ್ನ ಹಿತವನ್ನೇ ಬಯಸಿದವರು. ನನ್ನ ಹಳೆಯ ಶಿಷ್ಯನೊಬ್ಬ ವೈದ್ಯಕೀಯ ಕಾಲೇಜಿನ ಪುಸ್ತಕಭಂಡಾರದಲ್ಲಿದ್ದಾನೆ. ಅವನಿಂದ ಮೂಲದ ವರದಿಗಳನ್ನೇ ತರಿಸಿ, ಎರಡು ತಿಂಗಳು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಓದಿದ ಮೇಲೆ ನನಗಾದ ಅಭಿಪ್ರಾಯ ಇಷ್ಟು: ಈ ಇಬ್ಬರನ್ನೂ ಸೋಲಿಸುವ ಸಾಕ್ಷಿ ಒಂದೇ, ಅದೇ ಆ ಇಲಿ. ಅದರ ಸಾಕ್ಷ್ಯದಲ್ಲಿ ತಮಗೆ ಬೇಕಾದ ಅರ್ಧವನ್ನು ಮಾತ್ರ ಕೇಳುವುದು ನಮ್ಮ ಕಾಲದ ದೊಡ್ಡ ಅಪ್ರಾಮಾಣಿಕತೆ. ಇದನ್ನು ಹೇಳುವುದಕ್ಕೇ ಈ ಲೇಖನ.

ಮೊದಲು ವಕೀಲ ಮಿತ್ರರ ವಾದವನ್ನು ನೋಡೋಣ.

ಈ ಜಾತಿಯ ಔಷಧಗಳ ಹಿರಿಯಣ್ಣ ಇಮಿಪ್ರಮಿನ್. ಸ್ವಿಟ್ಜರ್ಲೆಂಡಿನ ಮ್ಯುನ್‌ಸ್ಟರ್ಲಿಂಗೆನ್ ಎಂಬಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ ರೋಲಾಂಡ್ ಕೂನ್ ಎಂಬ ವೈದ್ಯ ಅದು ಖಿನ್ನತೆಯ ರೋಗಿಗಳಿಗೆ ಗುಣ ಕೊಡುವುದನ್ನು ಕಂಡು ೧೯೫೭ರಲ್ಲಿ ವರದಿ ಮಾಡಿದ. ಅವನಿಗೆ ಕೊಟ್ಟಿದ್ದು ಬೇರೊಂದು ಮನೋರೋಗಕ್ಕೆ ಪರೀಕ್ಷಿಸಲೆಂದು. ಅದಕ್ಕೆ ಅದು ಕೆಲಸ ಮಾಡಲಿಲ್ಲ. ಎಂದರೆ ಈ ಔಷಧ ಹುಟ್ಟಿದಾಗಲೇ ತನ್ನ ಹಣೆಪಟ್ಟಿಯನ್ನು ಒಮ್ಮೆ ಬದಲಾಯಿಸಿಕೊಂಡಿತ್ತು. ಮೂರೇ ವರ್ಷಕ್ಕೆ, ೧೯೬೦ರಲ್ಲಿ, ಫ್ರಾನ್ಸಿನ ವೈದ್ಯರು ಅದು ನೋವಿಗೂ ಉಪಯೋಗವಾಗುತ್ತದೆಂದು ಬರೆದರು. ೧೯೬೧ರಲ್ಲಿ ಅಮಿಟ್ರಿಪ್ಟಿಲಿನ್ ಮಾರುಕಟ್ಟೆಗೆ ಬಂತು. ಮನಸ್ಸಿನ ಭಾರ ಇಳಿದರೆ ನೋವೂ ಹಗುರವಾಗಿ ಕಾಣುತ್ತದೆ, ಅಷ್ಟೇ ಇದರ ಗುಟ್ಟು, ಎಂದು ಆಗ ಅನೇಕರು ತಿಳಿದರು. ನನ್ನ ಮಿತ್ರರು ಇನ್ನೂ ಆ ಕಾಲದಲ್ಲಿಯೇ ಇದ್ದಾರೆ.

ಇನ್ನು ಇಲಿಯನ್ನು ಕಟಕಟೆಗೆ ಕರೆಯೋಣ. ಕೆನಡಾ ದೇಶದ ಹ್ಯಾಲಿಫ್ಯಾಕ್ಸ್ ಊರಿನ ಡಾಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಸಾವಿನೊಕ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ೧೯೯೯ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿದೆ. ಇಲಿಯ ಹಿಂಗಾಲಿನ ಪಾದಕ್ಕೆ ತುಸು ಫಾರ್ಮಲಿನ್ ಚುಚ್ಚುತ್ತಾರೆ. ಕಪ್ಪೆ, ಹಾವುಗಳನ್ನು ಕೊಳೆಯದಂತೆ ಶೀಸೆಯಲ್ಲಿಡುವ ಅದೇ ದ್ರವ. ನನ್ನ ಶಾಲೆಯ ಕಪಾಟಿನಲ್ಲಿಯೂ ಇತ್ತು. ಇಲಿ ಪಾದವನ್ನು ಕೊಡವುತ್ತದೆ, ಎತ್ತಿ ಹಿಡಿಯುತ್ತದೆ, ನೆಕ್ಕುತ್ತದೆ. ಕೆಲವು ನಿಮಿಷ ಹೀಗೆ. ಆಮೇಲೆ ಸ್ವಲ್ಪ ಶಾಂತಿ. ಮತ್ತೆ ಎರಡನೆಯ ಅಲೆ, ಅದು ಮುಕ್ಕಾಲು ಗಂಟೆಯವರೆಗೂ ಉಂಟು. ಎಷ್ಟು ಸಲ ಕೊಡವಿತೆಂದು ಎಣಿಸುತ್ತಾರೆ. ಫಾರ್ಮಲಿನ್ನಿನ ಜೊತೆಗೇ ಅದೇ ಪಾದಕ್ಕೆ ಅಮಿಟ್ರಿಪ್ಟಿಲಿನ್ ಸೇರಿಸಿದರೆ ಕೊಡವುವುದು ಕಡಿಮೆಯಾಯಿತು. ಅಷ್ಟೇ ಔಷಧವನ್ನು ಇನ್ನೊಂದು ಕಾಲಿನ ಪಾದಕ್ಕೆ ಕೊಟ್ಟರೆ ಏನೂ ಆಗಲಿಲ್ಲ.

ಮಿತ್ರರೇ, ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ಔಷಧ ರಕ್ತದಲ್ಲಿ ಬೆರೆತು ತಲೆಗೇರಿ ಇಲಿಯ ಮನಸ್ಸನ್ನು ಹಗುರ ಮಾಡಿ ನೋವು ಮರೆಸಿದ್ದಾದರೆ, ಯಾವ ಕಾಲಿಗೆ ಕೊಟ್ಟರೇನು? ಎಡಗಾಲಿಗೆ ಕೊಟ್ಟಾಗ ಗೆಲುವಾಗುವ ಮನಸ್ಸು ಬಲಗಾಲಿಗೆ ಕೊಟ್ಟಾಗ ಮಂಕಾಗುತ್ತದೆಯೆ? ಔಷಧ ಕೆಲಸ ಮಾಡಿದ್ದು ಪಾದದಲ್ಲಿ, ಅಲ್ಲಿನ ನರದ ತುದಿಯಲ್ಲಿ. ನರದ ತಂತುವಿನಲ್ಲಿ ಸೋಡಿಯಂ ಒಳನುಗ್ಗುವ ಸೂಕ್ಷ್ಮ ಬಾಗಿಲುಗಳಿವೆ. ಹಲ್ಲು ಕೀಳುವಾಗ ಕೊಡುವ ಲಿಗ್ನೊಕೇನ್ ಮುಚ್ಚುವುದು ಈ ಬಾಗಿಲುಗಳನ್ನೇ. ಅಮಿಟ್ರಿಪ್ಟಿಲಿನ್ನೂ ಅವನ್ನು ಮುಚ್ಚಬಲ್ಲದು. ಜೊತೆಗೆ ದೇಹದಲ್ಲಿಯೇ ಇರುವ ಅಡಿನೊಸಿನ್ ಎಂಬ ದ್ರವ್ಯದ ಸಹಾಯವನ್ನೂ ಅದು ಪಡೆಯುತ್ತದೆಂದು ಆ ವಿಜ್ಞಾನಿಗಳು ತೋರಿಸಿದರು. ಹಣೆಪಟ್ಟಿಯ ಮೇಲೆ “ಖಿನ್ನತೆಗೆ” ಎಂದು ಬರೆದಿದ್ದರೆ ಅದು ಅಂಗಡಿಯ ಕಪಾಟಿಗೆ ಬೇಕಾದ ವಿಂಗಡಣೆ. ಔಷಧಕ್ಕೆ ತನ್ನ ಹಣೆಪಟ್ಟಿ ಓದಲು ಬರುವುದಿಲ್ಲ.

ಮನುಷ್ಯರ ಸಾಕ್ಷ್ಯವೂ ಇದಕ್ಕೆ ವಿರೋಧವಾಗಿಲ್ಲ. ೧೯೮೨ರಲ್ಲಿ ಕೆನಡಾದ ವಾಟ್ಸನ್ ಮತ್ತು ಸಂಗಡಿಗರು ನನ್ನಂಥ ಸರ್ಪಸುತ್ತಿನ ನೋವಿನವರು ೨೪ ಜನಕ್ಕೆ ಅಮಿಟ್ರಿಪ್ಟಿಲಿನ್ ಮಾತ್ರೆ ನುಂಗಿಸಿ ನೋಡಿದರು. ೧೬ ಜನಕ್ಕೆ ಒಳ್ಳೆಯ ಗುಣ ಕಂಡಿತು. ೧೯೮೭ರಲ್ಲಿ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ನರದ ನೋವಿನವರಿಗೆ ಕೊಟ್ಟು ನೋಡಿದಾಗ, ಖಿನ್ನತೆ ಇದ್ದವರಿಗೂ ಇಲ್ಲದವರಿಗೂ ನೋವು ತಗ್ಗಿತು. ಸಂತೋಷವಾಗಿದ್ದವರಿಗೂ ನೋವು ತಗ್ಗಿಸಿದ ಮಾತ್ರೆಯನ್ನು ಹಿಡಿದು, ಅದನ್ನು ನುಂಗಿದವರೆಲ್ಲ ದುಃಖದಿಂದ ನೋವು ಕಲ್ಪಿಸಿಕೊಂಡವರೆಂದು ತೀರ್ಪು ಕೊಡುವುದು ಯಾವ ನ್ಯಾಯ?

ಇದು ಬರೀ ಮಾತಿನ ಜಗಳವಲ್ಲ. ಬೆಂಕಿಯಂಥ ಪಾದ ಹೊತ್ತು ನಡೆಯುವ ಸಕ್ಕರೆ ಕಾಯಿಲೆಯವರು ನಮ್ಮ ಓಣಿಯಲ್ಲಿಯೇ ಎಷ್ಟು ಮಂದಿ ಇದ್ದಾರೆ! ಅಂಗಡಿಯ ಹುಡುಗನ ಒಂದು ಮಾತಿಗೆ ಹೆದರಿ, ಸೊಸೆ ಏನೆಂದಾಳು, ಬೀಗರು ಏನೆಂದಾರು ಎಂದು ಅಂಜಿ, ಮಾತ್ರೆಯನ್ನು ಮೋರಿಗೆ ಎಸೆದ ಒಬ್ಬ ಮುತ್ತೈದೆಯನ್ನು ನಾನು ಬಲ್ಲೆ. ಆಕೆಗೆ “ತಾಯೀ, ಇದು ಕಡಿಮೆ ಪ್ರಮಾಣದಲ್ಲಿ ನರದ ನೋವಿಗೂ ಕೊಡುವ ಮಾತ್ರೆ, ನಿಮ್ಮ ಬುದ್ಧಿಗೆ ಏನೂ ಆಗಿಲ್ಲ” ಎಂದು ಹೇಳಲು ಡಾಕ್ಟರಿಗೆ ಅರ್ಧ ನಿಮಿಷ ಸಾಕಾಗುತ್ತಿತ್ತು. ಆ ಅರ್ಧ ನಿಮಿಷ ಉಳಿಸಿದ್ದಕ್ಕೆ ಆಕೆ ಎರಡು ವರ್ಷ ನೋವು ತಿಂದಳು. ಮನಸ್ಸಿನ ಕಾಯಿಲೆ ಇದ್ದರೂ ಅದೇನು ಅವಮಾನದ ಸಂಗತಿಯೆ ಎಂಬುದು ಇನ್ನೊಂದು ಪ್ರಶ್ನೆ. ಅದಕ್ಕೂ ನನ್ನ ಉತ್ತರ ಅಲ್ಲವೆಂದೇ.

ಇಲ್ಲಿಯವರೆಗೆ ನನ್ನ ಅಳಿಯ ತಲೆದೂಗುತ್ತ ಕೇಳಿದ. “ನೋಡಿದಿರಾ ಮಾವಾ, ನಾನು ಹೇಳಿದ್ದೇ ಸರಿ. ಪಾದದಲ್ಲಿಯೇ ಕೆಲಸ ಮಾಡುತ್ತದೆ. ಮುಲಾಮು ಮಾಡಿಸಿ” ಎಂದ. ತಡೆಯಪ್ಪಾ, ಇಲಿ ಇನ್ನೂ ಕಟಕಟೆಯಿಂದ ಇಳಿದಿಲ್ಲ.

ಅದೇ ಹ್ಯಾಲಿಫ್ಯಾಕ್ಸಿನಲ್ಲಿ, ಅದೇ ೧೯೯೯ರಲ್ಲಿ, ಇನ್ನೊಂದು ಪ್ರಯೋಗವೂ ಪ್ರಕಟವಾಯಿತು. ಈ ಸಲ ಇಲಿಯ ಬೆನ್ನುಹುರಿಯಿಂದ ಹೊರಡುವ ನರವನ್ನೇ ದಾರದಿಂದ ಬಿಗಿದು ಕಟ್ಟಿ, ನನ್ನದರಂಥ ನರದ ನೋವನ್ನು ಹುಟ್ಟಿಸಿದರು. ಆ ಮೇಲೆ ಎರಡು ಪ್ರಶ್ನೆ ಕೇಳಿದರು. ಒಂದು, ಪಾದಕ್ಕೆ ಶಾಖ ತಗುಲಿಸಿದರೆ ಎಷ್ಟು ಬೇಗ ಕಾಲೆಳೆಯುತ್ತದೆ? ಎರಡು, ಕೂದಲಿನಂಥ ಸಣ್ಣ ಎಳೆಯನ್ನು ಪಾದಕ್ಕೆ ಮೆಲ್ಲಗೆ ಒತ್ತಿದರೆ ಕಾಲೆಳೆಯುತ್ತದೆಯೆ? ಪಾದದಲ್ಲಿ ಅಮಿಟ್ರಿಪ್ಟಿಲಿನ್ ಕೊಟ್ಟಾಗ ಶಾಖದ ನೋವು ತಗ್ಗಿತು. ಸ್ಪರ್ಶದ ನೋವು ತಗ್ಗಲಿಲ್ಲ.

ನನ್ನ ಪಕ್ಕೆಯ ವಿಷಯ ವಾಚಕರಿಗೆ ನೆನಪಿರಬಹುದು. ಬಿಸಿನೀರಿಗೆ ಸುಮ್ಮನಿರುವ, ಅಂಗಿ ತಾಗಿದರೆ ಕಿರಿಚುವ ನೋವು ನನ್ನದು. ನನಗೆ ಬೇಕಾದ ಪ್ರಶ್ನೆಯನ್ನೇ ಇಲಿಗೆ ಕೇಳಿದ್ದರು. ಅದು ಸ್ಪಷ್ಟವಾಗಿ “ಇಲ್ಲ” ಎಂದಿತ್ತು. ಆ “ಇಲ್ಲ” ಅಳಿಯನ ಹಾಳೆಯಲ್ಲಿ ಇರಲಿಲ್ಲ. ವಿಜ್ಞಾನಿಗಳು ಅದನ್ನು ಮುಚ್ಚಿಟ್ಟಿರಲಿಲ್ಲ. ತಮ್ಮ ವರದಿಯ ತಲೆಬರಹದಲ್ಲಿಯೇ ಲಕ್ಷಣಕ್ಕೊಂದು ಬಗೆ, ದಾರಿಗೊಂದು ಬಗೆ ಎಂಬ ಅರ್ಥ ಬರುವಂತೆ ಬರೆದಿದ್ದರು. ಅಲ್ಲಿಂದ ಹೊರಟು ಕೈಯಿಂದ ಕೈಗೆ ದಾಟಿ ನಮ್ಮ ಪಡಸಾಲೆಗೆ ಬರುವಷ್ಟರಲ್ಲಿ “ಇಲ್ಲ” ಉದುರಿ “ಹೌದು” ಮಾತ್ರ ಉಳಿದಿತ್ತು.

ಉದುರಿದ್ದು ಅದೊಂದೇ ಅಲ್ಲ. ೨೦೦೧ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಇಲಿಯ ತೊಡೆಯ ದೊಡ್ಡ ನರದ ಬಳಿಗೆ ಅಮಿಟ್ರಿಪ್ಟಿಲಿನ್ ಚುಚ್ಚಿ ನೋಡಿದರು. ಹೆರಿಗೆಯ ಶಸ್ತ್ರಚಿಕಿತ್ಸೆಗೆ ಬೆನ್ನಿಗೆ ಕೊಡುವ ಬುಪಿವಕೇನ್‌ಗಿಂತಲೂ ಗಟ್ಟಿಯಾಗಿ, ಹೆಚ್ಚು ಹೊತ್ತು, ಕಾಲು ಮರಗಟ್ಟಿತು. ಸುದ್ದಿಗೆ ಇದು ಸೊಗಸು. ಆದರೆ ೨೦೦೪ರಲ್ಲಿ ಎಸ್ಟೆಬ್ ಮತ್ತು ಮೈಯರ್ಸ್ ಎಂಬ ಇಬ್ಬರು ಅದೇ ನರಕ್ಕೆ ಅದೇ ಔಷಧ ಹಚ್ಚಿ, ಆಮೇಲೆ ನರವನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಔಷಧದ ಪ್ರಮಾಣ ಹೆಚ್ಚಿದಂತೆ ನರದ ತಂತುಗಳು ಹಾಳಾಗಿದ್ದವು. ಬಹಳ ಹೊತ್ತು ಮರಗಟ್ಟಿಸುವುದಕ್ಕೂ ಶಾಶ್ವತವಾಗಿ ಕೆಡಿಸುವುದಕ್ಕೂ ನಡುವೆ ಇರುವುದು ತೆಳ್ಳಗಿನ ಗೋಡೆ. ಚರ್ಮಕ್ಕೆ ಹಚ್ಚುವುದೂ ನರಕ್ಕೆ ನೇರವಾಗಿ ಹಚ್ಚುವುದೂ ಒಂದೇ ಅಲ್ಲ ನಿಜ. ಆದರೆ ಮೊದಲನೆಯ ಇಲಿಯ ಮಾತನ್ನು ನಂಬಿದವನು ಎರಡನೆಯ ಇಲಿಯ ಮಾತನ್ನು ಯಾವ ಬಾಯಿಂದ ತಳ್ಳಿಹಾಕುತ್ತಾನೆ?

ಇಲ್ಲೊಂದು ಮನೆಯ ಮಾತು ಹೇಳಬೇಕು. ಅಡಿನೊಸಿನ್ನಿನ ಪ್ರಸ್ತಾಪ ಮೇಲೆ ಬಂತಲ್ಲ. ಅದರ ಕೆಲಸವನ್ನು ತಡೆಯುವ ಪದಾರ್ಥ ಕೆಫೀನ್, ಎಂದರೆ ನಮ್ಮ ಕಾಫಿಯ ಸತ್ವ. ೨೦೦೦ದಲ್ಲಿ ಹ್ಯಾಲಿಫ್ಯಾಕ್ಸಿನವರು ಇಲಿಗಳಿಗೆ ಅಮಿಟ್ರಿಪ್ಟಿಲಿನ್ ಜೊತೆಗೆ ಕೆಫೀನ್ ಕೊಟ್ಟಾಗ ನೋವು ತಗ್ಗಿಸುವ ಗುಣ ಅಡಗಿತೆಂದು ಬರೆದರು. ಇದನ್ನು ನಾನು ಉತ್ಸಾಹದಿಂದ ಓದಿ ಹೇಳಿದ್ದೇ ತಪ್ಪಾಯಿತು. ಮರುದಿನ ಬೆಳಿಗ್ಗೆ ನನ್ನ ಲೋಟದಲ್ಲಿ ಕಾಫಿಯ ಬದಲು ಜೀರಿಗೆಯ ಕಷಾಯ ಇತ್ತು. “ಇಲಿಗೆ ಆಗದ್ದು ನಿಮಗೂ ಆಗದು” ಎಂದು ಮನೆಯಾಕೆಯ ತೀರ್ಮಾನ. ಇಲಿಗೆ ಕೊಟ್ಟದ್ದು ಚುಚ್ಚುಮದ್ದಿನ ಪ್ರಮಾಣ, ನನಗೆ ಇದ್ದದ್ದು ಎರಡು ಲೋಟ ಫಿಲ್ಟರು ಕಾಫಿ ಎಂದು ಎಷ್ಟು ವಾದಿಸಿದರೂ ನಡೆಯಲಿಲ್ಲ. ಎಂಟು ದಿನ ಕಷಾಯ ಕುಡಿದ ಮೇಲೆ ನನಗೊಂದು ವಿವೇಕ ಬಂತು. ಇಲಿಯಿಂದ ನೇರವಾಗಿ ಮನುಷ್ಯನಿಗೆ ಹಾರುವ ತಪ್ಪು, ಹಾರಿಸಿದ್ದು ನಮಗೆ ಬೇಡವಾದಾಗ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ.

ಹಾಗಾದರೆ ಮನುಷ್ಯರಿಗೇ ಮುಲಾಮು ಹಚ್ಚಿ ನೋಡಲಿಲ್ಲವೆ? ನೋಡಿದ್ದಾರೆ. ಈ ಭಾಗವನ್ನು ನನ್ನ ಅಳಿಯ ಗಮನವಿಟ್ಟು ಓದಬೇಕು.

ಹ್ಯಾಲಿಫ್ಯಾಕ್ಸಿನ ಆ ಗುಂಪೇ ಮುಂದೆ ಬಂದು ಅಮಿಟ್ರಿಪ್ಟಿಲಿನ್, ಕೆಟಮಿನ್ ಎರಡನ್ನೂ ಬೆರೆಸಿದ ಮುಲಾಮನ್ನು ನರದ ನೋವಿನವರಿಗೆ ಹಚ್ಚಿಸಿತು. ಮೊದಲು ಯಾರಿಗೆ ಏನು ಹಚ್ಚಿದೆಯೆಂದು ಎಲ್ಲರಿಗೂ ತಿಳಿದಿದ್ದ ಪರೀಕ್ಷೆ, ಫಲ ಆಶಾದಾಯಕವಾಗಿತ್ತು. ಆಮೇಲೆ ಸರಿಯಾದ ಪರೀಕ್ಷೆ: ೯೨ ರೋಗಿಗಳು, ನಾಲ್ಕು ಗುಂಪು, ಮೂರು ವಾರ. ಒಂದು ಗುಂಪಿಗೆ ಶೇಕಡಾ ೨ರ ಅಮಿಟ್ರಿಪ್ಟಿಲಿನ್, ಒಂದಕ್ಕೆ ಶೇಕಡಾ ೧ರ ಕೆಟಮಿನ್, ಒಂದಕ್ಕೆ ಎರಡೂ, ಒಂದಕ್ಕೆ ಔಷಧವೇ ಇಲ್ಲದ ಬರೀ ಮುಲಾಮು. ಯಾರದು ಯಾವುದೆಂದು ರೋಗಿಗೂ ತಿಳಿಯದು, ಹಚ್ಚಿಸಿದವರಿಗೂ ತಿಳಿಯದು. ೨೦೦೫ರಲ್ಲಿ ಫಲ ಪ್ರಕಟವಾಯಿತು. ಎಲ್ಲ ಗುಂಪಿಗೂ ಸ್ವಲ್ಪ ಸ್ವಲ್ಪ ಸುಖವಾಗಿತ್ತು, ಬರೀ ಮುಲಾಮಿನವರಿಗೂ ಸೇರಿ. ಗುಂಪು ಗುಂಪಿಗೆ ವ್ಯತ್ಯಾಸವಿರಲಿಲ್ಲ.

೨೦೦೮ರಲ್ಲಿ ಇನ್ನೊಂದು ಕಡೆ ೩೫ ಜನಕ್ಕೆ ಶೇಕಡಾ ೫ರ ಅಮಿಟ್ರಿಪ್ಟಿಲಿನ್ ಹಚ್ಚಿ ನೋಡಿದರು. ಅದರಿಂದ ಫಲ ಕಾಣಲಿಲ್ಲ. ಲಿಗ್ನೊಕೇನಿನಿಂದ ಕಂಡದ್ದೂ ಅಲ್ಪವೇ. ೨೦೧೪ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು, ಕ್ಯಾನ್ಸರಿನ ಔಷಧದಿಂದ ಕೈಕಾಲಿನ ನರ ಕೆಟ್ಟು ನೋಯುತ್ತಿದ್ದ ೪೬೨ ಜನಕ್ಕೆ ಅಮಿಟ್ರಿಪ್ಟಿಲಿನ್, ಕೆಟಮಿನ್ ಬೆರೆತ ಮುಲಾಮನ್ನೋ ಬರೀ ಮುಲಾಮನ್ನೋ ಹಚ್ಚಿಸಿ, ಆರು ವಾರದ ಕೊನೆಗೆ ಲೆಕ್ಕ ಹಾಕಿದರು. ಔಷಧದ ಮುಲಾಮು ಬರೀ ಮುಲಾಮನ್ನು ಮೀರಲಿಲ್ಲ.

ನಾಳೆ ಇನ್ನೂ ಗಟ್ಟಿಯಾದ ಮುಲಾಮು, ಇನ್ನೊಂದು ಬಗೆಯ ನೋವು, ಬೇರೆ ಫಲ ಕೊಡಬಹುದು. ಬೇಡವೆನ್ನಲು ನಾನಾರು? ಈ ಜಾತಿಯದೇ ಆದ ಡಾಕ್ಸೆಪಿನ್ ಎಂಬುದರ ಮುಲಾಮು ತುರಿಕೆಗೆ ಬಳಕೆಯಲ್ಲಿಯೂ ಇದೆ. ಅದನ್ನೂ ಮೈತುಂಬ ಬಳಿದುಕೊಂಡರೆ ಚರ್ಮದಿಂದ ಒಳಗಿಳಿದು ತೂಕಡಿಕೆ ತರುತ್ತದೆ. ಹಚ್ಚುವುದೆಲ್ಲ ನಿರಪಾಯ ಎಂಬ ನಂಬಿಕೆಗೂ ಆಧಾರ ಸಾಲದು. ಸದ್ಯಕ್ಕೆ ನನ್ನ ಪಕ್ಕೆಗೆ ಹಚ್ಚಿಕೊಳ್ಳೆಂದು ಹೇಳುವಷ್ಟು ಬಲ ಆ ಸಾಕ್ಷ್ಯಕ್ಕಿಲ್ಲ. ೨೦೦೫ರಲ್ಲಿ ತಮ್ಮ ಆಸೆಗೆ ವಿರುದ್ಧವಾದ ಫಲವನ್ನು ತಾವೇ ಅಚ್ಚು ಹಾಕಿಸಿದ ಹ್ಯಾಲಿಫ್ಯಾಕ್ಸಿನವರಿಗೆ ನನ್ನ ನಮಸ್ಕಾರ. ನನ್ನ ಜಗಳ ಅವರೊಡನೆ ಅಲ್ಲ. ಅವರ “ಹೌದು” ಗಾಳಿಯಲ್ಲಿ ಹಾರಿಕೊಂಡು ಊರೂರಿಗೆ ಬಂತು, ಅವರ “ಇಲ್ಲ” ಕಪಾಟಿನಲ್ಲಿಯೇ ಉಳಿಯಿತು. ನನ್ನ ಜಗಳ ಆ ಗಾಳಿಯೊಡನೆ.

ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಸೋಲುವುದೇಕೆ? ಇಲಿ ಸುಳ್ಳು ಹೇಳಿತೆಂದಲ್ಲ. ನಾವು ಕೇಳಿದ ಪ್ರಶ್ನೆ ಬೇರೆಯದಾಗಿತ್ತು. ಫಾರ್ಮಲಿನ್ನಿನ ನೋವು ಒಂದು ಗಂಟೆಯದು. ದಾರ ಬಿಗಿದ ನರದ ನೋವು ಕೆಲವು ವಾರದ್ದು. ನನ್ನದು ಮೂರು ವರ್ಷದ್ದು. ಇಲಿ ಎಳೆಯ ಪ್ರಾಯದ್ದು, ನನಗೆ ಎಪ್ಪತ್ತೊಂದು. ಇಲಿಗೆ ನೋವಾಯಿತೆ ಎಂದು ತಿಳಿಯುವುದು ಅದು ಕಾಲೆಳೆದುಕೊಂಡದ್ದರಿಂದ. ನಾನು ರಾತ್ರಿ ಎರಡು ಗಂಟೆಗೆ ಎದ್ದು ಕುಳಿತುಕೊಳ್ಳುವುದು ಕಾಲೆಳೆಯುವ ಕೆಲಸವಲ್ಲ. ನೋವಿನ ಶಾಸ್ತ್ರದ ಮುಖ್ಯ ಪತ್ರಿಕೆಯೊಂದರ ಹತ್ತು ವರ್ಷದ ಪ್ರಯೋಗಗಳನ್ನು ಲೆಕ್ಕ ಹಾಕಿ ೨೦೦೫ರಲ್ಲಿ ಪ್ರಕಟಿಸಿದರು. ಶೇಕಡಾ ೭೯ರಲ್ಲಿ ಗಂಡು ಪ್ರಾಣಿಗಳನ್ನು ಮಾತ್ರ ಬಳಸಲಾಗಿತ್ತು. ೨೦೧೪ರಲ್ಲಿ ಕೆನಡಾದ ಮೊಗಿಲ್ ಮತ್ತು ಸಂಗಡಿಗರು ಇನ್ನೊಂದು ಸಂಗತಿ ಹೊರಗೆಡವಿದರು. ಪ್ರಯೋಗ ಮಾಡುವವನು ಗಂಡಸಾದರೆ, ಅವನ ಮೈವಾಸನೆಗೇ ಇಲಿ ಸುಂಡಿಲಿಗಳು ಬೆದರಿ ನೋವನ್ನು ಕಡಿಮೆ ತೋರಿಸುತ್ತವೆ. ಸಾಕ್ಷಿಯನ್ನು ವಿಚಾರಿಸುವವನ ಬೆವರಿಗೇ ಸಾಕ್ಷ್ಯ ಬದಲಾಗುವುದಾದರೆ, ತೀರ್ಪು ಬರೆಯುವ ಮೊದಲು ಎಷ್ಟು ಎಚ್ಚರ ಬೇಕು!

ಬೆಟ್ಟ ಅಗೆದು ಇಲಿ ಹಿಡಿದರೆಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಇಲಿ ಹಿಡಿದು ಬೆಟ್ಟ ಸಿಕ್ಕಿತೆಂದು ಸಾರಿದ ಕಥೆಗಳೂ ಇವೆ. ನೋವಿನ ಸುದ್ದಿ ಒಯ್ಯುವ ಸಬ್‌ಸ್ಟೆನ್ಸ್ ಪಿ ಎಂಬ ದ್ರವ್ಯದ ದಾರಿ ಕಟ್ಟುವ ಔಷಧಗಳು ಪ್ರಾಣಿಗಳಲ್ಲಿ ನೋವು ತಗ್ಗಿಸಿದವು. ಮನುಷ್ಯರಲ್ಲಿ ತಗ್ಗಿಸಲಿಲ್ಲ, ೨೦೦೦ದ ಹೊತ್ತಿಗೆ ಆ ಸೋಲಿನ ವಿಮರ್ಶೆಯೂ ಬಂತು. ಅದೇ ಔಷಧಗಳನ್ನು ಖಿನ್ನತೆಗೆ ಕೊಟ್ಟು ನೋಡಿದರು, ಅಲ್ಲಿಯೂ ನಿಲ್ಲಲಿಲ್ಲ. ಕೊನೆಗೆ ಅವುಗಳಲ್ಲೊಂದು ೨೦೦೩ರಲ್ಲಿ ಕ್ಯಾನ್ಸರ್ ಚಿಕಿತ್ಸೆಯ ವಾಂತಿ ನಿಲ್ಲಿಸುವ ಔಷಧವಾಗಿ ನೆಲೆ ಕಂಡಿತು.

“ಹಾಗಾದರೆ ಇಲಿಯ ಪ್ರಯೋಗವೇ ಬೇಡವೆನ್ನುತ್ತೀರಾ?” ಎಂದು ಕೇಳುವವರುಂಟು. ನನಗೆ ಆ ಧೈರ್ಯವಿಲ್ಲ. ರಾತ್ರಿ ಒಂಬತ್ತಕ್ಕೆ ನಾನು ಮಾತ್ರೆ ನುಂಗುತ್ತೇನೆ. ಪ್ರಾಣಿಗಳ ಮೇಲೆ ನೋಡದೆ ಇಂದಿನ ಯಾವ ಔಷಧವೂ ನನ್ನ ಬಾಯಿಗೆ ಬರುವುದಿಲ್ಲ. ನುಂಗಿದ ಬಾಯಲ್ಲೇ ಅಹಿಂಸೆಯ ಉಪನ್ಯಾಸ ಮಾಡಿದರೆ ನಗೆಗೀಡಾಗುತ್ತೇನೆ. ಗಣೇಶನ ಹಬ್ಬದಲ್ಲಿ ಇಲಿಗೂ ಒಂದು ಹೂ ಇಟ್ಟು, ಮರುದಿನ ಅಟ್ಟದಲ್ಲಿ ಬೋನು ಇಡುವ ಜನ ನಾವು.

ಆದರೆ ಒಂದು ಭೇದವನ್ನು ಮರೆಯಬಾರದು. ಬೇರೆ ಪ್ರಯೋಗಗಳಲ್ಲಿ ಪ್ರಾಣಿಗೆ ನೋವಾಗದಂತೆ ಮಂಪರು ಕೊಡಬಹುದು. ನಮ್ಮ ದೇಶದ ೧೯೬೦ರ ಪ್ರಾಣಿಹಿಂಸೆ ತಡೆಯುವ ಕಾಯಿದೆಯ ಆಶಯವೂ ಅದೇ. ನೋವಿನ ಪ್ರಯೋಗದಲ್ಲಿ ಆ ದಾರಿಯಿಲ್ಲ. ಅಲ್ಲಿ ನೋವೇ ಅಳತೆಗೋಲು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ೧೯೮೩ರಲ್ಲಿ ಪ್ರಕಟಿಸಿದ ಸೂತ್ರಗಳಲ್ಲಿ ಒಂದು ನನ್ನ ಮನಸ್ಸನ್ನು ಹಿಡಿಯಿತು: ಸಾಧ್ಯವಾದ ಕಡೆ ಪ್ರಯೋಗ ಮಾಡುವವನು ಆ ನೋವನ್ನು ಮೊದಲು ತನ್ನ ಮೈಮೇಲೆ ನೋಡಿಕೊಳ್ಳಬೇಕು. ಇಷ್ಟು ಸಾಲ ಮಾಡಿ ಪಡೆದ ಸಾಕ್ಷ್ಯವನ್ನು ಅರ್ಧ ಹರಿದು ಎಸೆಯುವುದೆಂದರೆ ಆ ಪ್ರಾಣಿಯನ್ನು ಎರಡು ಸಲ ನೋಯಿಸಿದಂತೆ. ಒಂದು ಕಡೆ ಸೋತ ಪ್ರಯೋಗ ಅಚ್ಚಾಗದಿದ್ದರೆ, ಇನ್ನೊಂದು ಊರಿನಲ್ಲಿ ಅದನ್ನು ತಿಳಿಯದೆ ಮತ್ತೆ ಮಾಡುತ್ತಾರೆ. ಆಗ ಅದು ಮೂರನೆಯ ಸಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಮಾತು ಇಲ್ಲಿ ಗಾದೆಯಾಗಿ ಉಳಿಯುವುದಿಲ್ಲ, ನಿಜವಾಗುತ್ತದೆ.

ನಾನು ಕೇಳುವುದು ಮೂರು. ನಮ್ಮ ದೇಶದಲ್ಲಿ ಮನುಷ್ಯರ ಮೇಲಿನ ಔಷಧ ಪರೀಕ್ಷೆಯನ್ನು ಮೊದಲೇ ದಾಖಲೆ ಮಾಡಿಸಬೇಕೆಂಬ ಕಡ್ಡಾಯ ೨೦೦೯ರಿಂದ ಇದೆ. ಪ್ರಾಣಿಯ ಪ್ರಯೋಗಕ್ಕೆ ಸಮಿತಿಯ ಒಪ್ಪಿಗೆ ಬೇಕು ನಿಜ, ಆದರೆ ಫಲ ಏನಾಯಿತೆಂದು ಲೋಕಕ್ಕೆ ಹೇಳಲೇಬೇಕೆಂಬ ಕಟ್ಟಳೆಯಿಲ್ಲ. ಅದು ಬೇಕು, ಗೆದ್ದದ್ದಕ್ಕೂ ಸೋತದ್ದಕ್ಕೂ. ಎರಡನೆಯದು, ಸುದ್ದಿ ಬರೆಯುವವರಿಗೆ: “ಇಲಿಗಳಲ್ಲಿ” ಎಂಬ ಮಾತನ್ನು “ನೋವು ಮಾಯ” ಎಂಬ ಮಾತಿನಷ್ಟೇ ದಪ್ಪಕ್ಷರದಲ್ಲಿ ಹಾಕಿ. ಮಸಿ ಹೆಚ್ಚು ಖರ್ಚಾಗುವುದಿಲ್ಲ. ಮೂರನೆಯದು, ಡಾಕ್ಟರಿಗೆ: ಖಿನ್ನತೆಯ ಮಾತ್ರೆಯನ್ನು ನೋವಿಗೆ ಬರೆಯುವಾಗ ಅರ್ಧ ನಿಮಿಷ ಮಾತ್ರೆಯ ಜೊತೆಗೆ ಕೊಡಿ. ಬಾಯಿ ಒಣಗುತ್ತದೆ, ಮಲಬದ್ಧತೆಯಾಗಬಹುದು, ವಯಸ್ಸಾದವರಿಗೆ ಮೂತ್ರ ಕಟ್ಟಬಹುದು, ಹೃದಯದ ತೊಂದರೆಯಿದ್ದರೆ ಎಚ್ಚರ ಬೇಕು ಎಂಬುದನ್ನೂ ಅದರಲ್ಲಿಯೇ ಸೇರಿಸಿ. ಮತ್ತು ನಿಮ್ಮ ನೋವು ನಿಜವಾದದ್ದು ಎಂಬ ಒಂದು ಮಾತು.

ಕೊಂದ ಪಾಪ ತಿಂದು ಪರಿಹಾರ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದು ಪರಿಹಾರವೋ ಸಮಾಧಾನವೋ ನಾನರಿಯೆ. ಆದರೆ ನೋಯಿಸಿದ ಪಾಪಕ್ಕೆ ಒಂದು ಪರಿಹಾರವಿದೆಯೆಂದು ನನಗೆ ತೋರುತ್ತದೆ: ನೋಯಿಸಿ ತಿಳಿದದ್ದನ್ನು ಪೂರ್ತಿ ಹೇಳುವುದು.

ವಕೀಲ ಮಿತ್ರರು ಈಗ ನೋವಿನ ಮಾತು ತೆಗೆಯುವುದಿಲ್ಲ. ಅಳಿಯ ಹಾಳೆಯನ್ನು ಮಡಿಸಿ ಒಯ್ದ. ಮಾತ್ರೆಯಿಂದ ನನ್ನ ನೋವು ಹೋಗಿಲ್ಲ. ಹತ್ತರಲ್ಲಿ ನಾಲ್ಕು ಪಾಲು ತಗ್ಗಿದೆ, ರಾತ್ರಿ ನಿದ್ರೆ ಬರುತ್ತದೆ. ಮೊಮ್ಮಗಳು ಎಡಪಕ್ಕೆ ತಾಗದಂತೆ ಬಲಗಡೆ ಕುಳಿತು ಕಥೆ ಕೇಳುತ್ತಾಳೆ. ಕಾಫಿ ಮತ್ತೆ ಬಂದಿದೆ, ಒಂದೇ ಲೋಟ.